ಟ್ರಂಕಿನೊಳಗಿನ ಭಾನುವಾರ



ಕಾಣುವ ಪೆಟ್ಟಿಗೆಯ ವಿಷಯವನ್ನು ಕೇಳುವ ಪೆಟ್ಟಿಗೆಯಲ್ಲಿ ಹೇಳಲಿಕ್ಕೆ ಬಂದಿದ್ದೇನೆ. ನನ್ನ ಮುಂದೆ ಈಗ ಆರು ಸಾಮಾನುಗಳಿವೆ. ನಿಮಗೆ ಕಾಣುವುದಿಲ್ಲ, ಆದ್ದರಿಂದ ಒಂದೊಂದಾಗಿ ಹೇಳುತ್ತೇನೆ. ಒಂದು, ಸೊಂಟ ಮುರಿದು ಬಾಗಿದ ಪ್ಲಾಸ್ಟಿಕ್ ಗದೆ. ಎರಡು, ಕೊಕ್ಕಿನ ತುದಿ ಹಾರಿಹೋದ ಕಿನ್ನಾಳದ ಗರುಡ. ಮೂರು, ಶಕ್ತಿಮಾನ್ ಸ್ಟಿಕ್ಕರ್ ಅಂಟಿಸಿದ ನೂರು ಪುಟದ ನೋಟುಬುಕ್ಕು. ನಾಲ್ಕು, ಕಾಲಿಲ್ಲದ ಹೀ-ಮ್ಯಾನ್ ಗೊಂಬೆ. ಐದು, ಬರೆದು ಟಪಾಲಿಗೆ ಹಾಕದೇ ಉಳಿದ ಸ್ಪರ್ಧೆಯ ಪೋಸ್ಟ್‌ಕಾರ್ಡು. ಆರು, ನಮ್ಮ ಅಜ್ಜನ ರೇಡಿಯೋ ಲೈಸೆನ್ಸಿನ ಪುಸ್ತಕ. ಎಲ್ಲ ಸೇರಿಸಿ ತೂಗಿದರೆ ಎರಡು ಕಿಲೋ ಆಗಲಿಕ್ಕಿಲ್ಲ. ಗುಜರಿಯವನು ಬೇಕಾದರೆ ಗದೆಗೂ ಗೊಂಬೆಗೂ ಸೇರಿಸಿ ಐದು ರೂಪಾಯಿ ಕೊಟ್ಟಾನು. ಉಳಿದದ್ದನ್ನು ಬೇಡ ಅಂತಾನೆ.

ಇವು ನಮ್ಮ ಅಳವಂಡಿಯ ಮನೆಯ ಅಟ್ಟದ ಮೇಲಿನ ಕಬ್ಬಿಣದ ಟ್ರಂಕಿನಲ್ಲಿದ್ದವು. 2020ರ ಮಾರ್ಚ್ 28ರಂದು, ಲಾಕ್‌ಡೌನಿನ ಮೊದಲ ವಾರದಲ್ಲಿ, ದೂರದರ್ಶನದವರು ರಮಾನಂದ ಸಾಗರ್ ಅವರ ರಾಮಾಯಣವನ್ನು ಮತ್ತೆ ಹಚ್ಚಿದರಲ್ಲ, ಆಗ ಟ್ರಂಕನ್ನು ಇಳಿಸಿದೆ. ಮಕ್ಕಳು ಮೊಬೈಲಿನಿಂದ ತಲೆ ಎತ್ತಿ, "ಅಪ್ಪಾ, ಬಾಣ ಇಷ್ಟ್ ಸಾವಕಾಶ ಯಾಕ ಹೊಕ್ಕಾವು?" ಅಂತ ಕೇಳಿದರು. ಆ ಬಾಣದ ವೇಗಕ್ಕೇ ನಾವು ಉಸಿರು ಬಿಗಿಹಿಡಿದು ಕೂತಿದ್ದೆವು ಎಂದು ತೋರಿಸಲಿಕ್ಕೆ ನನ್ನ ಹತ್ತಿರ ಸಾಕ್ಷಿ ಬೇಕಿತ್ತು. ಗದೆ ತೆಗೆದು ತೋರಿಸಿದೆ.

ಟಿವಿ ಎಂದರೆ ಪಟ್ಟಣದಿಂದ ಹಳ್ಳಿಗೆ ಬಂದದ್ದು ಎಂದು ನಾವೆಲ್ಲ ತಿಳಿದಿದ್ದೇವೆ. ನಮ್ಮ ಸೀಮೆಯ ಮಟ್ಟಿಗೆ ಅದು ತಲೆಕೆಳಗು. 1975ರ ಆಗಸ್ಟ್ 1ರಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ತಂದು, ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತೋರಿಸುವ ಪ್ರಯೋಗ ನಡೆಯಿತು. ಅದರ ಹೆಸರು ಸೈಟ್. ಕರ್ನಾಟಕದಲ್ಲಿ ಆರಿಸಿದ್ದು ಗುಲಬರ್ಗಾ, ವಿಜಾಪುರ ಮತ್ತು ರಾಯಚೂರು ಜಿಲ್ಲೆಗಳನ್ನು. ಕೊಪ್ಪಳ ಬೇರೆ ಜಿಲ್ಲೆಯಾದದ್ದು 1997ರಲ್ಲಿ; ಆಗ ನಾವು ರಾಯಚೂರಿನವರೇ. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಅಂದರೆ ರಾಜಧಾನಿಗಿಂತ ಆರು ವರ್ಷ ಮೊದಲೇ ನಮ್ಮ ಎರಿ ಹೊಲದ ಸೀಮೆ ಕನ್ನಡದಲ್ಲಿ ಟಿವಿ ನೋಡಿತು! ಮುಂಜಾನೆ ಶಾಲೆಯ ಮಕ್ಕಳಿಗೆ, ಸಂಜೆ ಊರಿನವರಿಗೆ, ಒಟ್ಟು ದಿನಕ್ಕೆ ನಾಲ್ಕು ತಾಸು.

ನಮ್ಮ ಅಪ್ಪ ನೆರೆಯ ಊರೊಂದರಲ್ಲಿ ಅದನ್ನು ನೋಡಿ ಬಂದವರು. ಒಕ್ಕಲುತನ ಹೇಳಿದ್ದೋ ಪದ ಹಾಡಿದ್ದೋ ಅವರಿಗೆ ನೆನಪಿಲ್ಲ. ನೆನಪಿದ್ದದ್ದು ಕೊಡೆ. "ಕೋಳಿ ಗೂಡಿಗೆ ಹಾಕ್ತಾರಲ್ಲ, ಆ ಜಾಳಗಿ ತಂತಿ. ಅದನ್ನ ಛತ್ರಿಹಂಗ ಅಂಗಾತ ಮಲಗಿಸಿದ್ರು. ಅದರಾಗ ಮುಗಿಲಿಂದ ಚಿತ್ರ ಬೀಳತಿತ್ತು" ಅನ್ನುತ್ತಿದ್ದರು. ನಿಜವೇ. ಹತ್ತು ಅಡಿ ಅಗಲದ ಆ ಕೊಡೆಗಳನ್ನು ಕೋಳಿ ಬಲೆಯಿಂದಲೇ ಮಾಡಿದ್ದರು. 1976ರ ಜುಲೈ ಮುಗಿಯುತ್ತಲೇ ಉಪಗ್ರಹ ಹೊರಳಿಹೋಯಿತು, ತೆರೆ ಕಪ್ಪಾಯಿತು. ಆ ಬಲೆಗಳು ಏನಾದವು? ಬಲೆ ಬಲೆಯ ಕೆಲಸಕ್ಕೆ ಹೋಗಿರಬೇಕು. ಯಾರದೋ ಹಿತ್ತಿಲಿನಲ್ಲಿ ಕೋಳಿಗಳು ಬಾಹ್ಯಾಕಾಶ ಚರಿತ್ರೆಯೊಳಗೆ ಮೊಟ್ಟೆ ಇಟ್ಟಿರಲಿಕ್ಕೂ ಸಾಕು. ನಗುವ ಮಾತಲ್ಲ. ಅಂಥ ಒಂದು ತುಂಡು ಬಲೆ ಇವತ್ತು ಸಿಕ್ಕರೆ ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕಾಗುತ್ತದೆ.

ಈಗ ಗದೆಯ ಕಥೆ. ರಾಮಾಯಣ ಶುರುವಾದದ್ದು 1987ರ ಜನವರಿ 25ರ ಭಾನುವಾರ. ನನಗಾಗ ಒಂಬತ್ತು ವರ್ಷ. ಟಿವಿ ಇದ್ದ ಮನೆಯ ಪಡಸಾಲೆ ಒಂಬತ್ತಕ್ಕೇ ತುಂಬಿ, ಒಂಬತ್ತೂವರೆಗೆ ಕಿಟಕಿಗೂ ಜಾಗ ಇರುತ್ತಿರಲಿಲ್ಲ. ಮಾಳಿಗೆಯ ಮೇಲೆ ಒಬ್ಬ ಅಂಟೆನಾ ಹಿಡಿದು ನಿಲ್ಲಬೇಕು, ಕೆಳಗಿನಿಂದ ಇನ್ನೊಬ್ಬ "ಬಂತು, ಬಂತು, ಹೋತು, ಹೋತು" ಎಂದು ಕೂಗಬೇಕು. ಮೇಲೆ ನಿಂತವನು ಇಡೀ ರಾಮಾಯಣವನ್ನು ಇವೆರಡು ಶಬ್ದಗಳಲ್ಲೇ ಕೇಳಿದ. 1988ರ ಅಕ್ಟೋಬರ್ 2ರಿಂದ ಬಿ.ಆರ್. ಚೋಪ್ರಾ ಅವರ ಮಹಾಭಾರತ. ಈ ಮೂರು ವರ್ಷಗಳಲ್ಲಿ ಜಾತ್ರೆಯ ಅಂಗಡಿಗಳ ಬಣ್ಣವೇ ಬದಲಾಯಿತು. ಪೀಪಿ, ಗಿರಗಿಟ್ಲಿ, ಬಲೂನುಗಳ ನಡುವೆ ಬಿಲ್ಲು, ಬತ್ತಳಿಕೆ, ಬಂಗಾರದ ಬಣ್ಣದ ಕಿರೀಟ, ಗದೆ ಬಂದು ಕೂತವು. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ನಾನು ಅತ್ತು ಕರೆದು ಕೊಡಿಸಿಕೊಂಡ ಗದೆ ಇದು. ಅದರ ಸೊಂಟ ಮುರಿದದ್ದು ನನ್ನ ತಮ್ಮನ ಬೆನ್ನಿನ ಮೇಲೆ. ಅವತ್ತು ಅವನು ದುರ್ಯೋಧನನಾಗಲಿಕ್ಕೆ ಒಪ್ಪಿರಲಿಲ್ಲ.

ಅದೇ ಜಾತ್ರೆಯಿಂದ ಬರುವಾಗ ಅಮ್ಮ, ಅಂದರೆ ನಮ್ಮ ಅಪ್ಪನ ತಾಯಿ, ಕಿನ್ನಾಳದ ಗರುಡನನ್ನು ಕೊಂಡಳು. "ಇದು ಟಿವ್ಯಾಗ ಇಲ್ಲ, ನನಗ ಬ್ಯಾಡ" ಎಂದು ನಾನು ಮುಖ ತಿರುಗಿಸಿದೆ. ಅಮ್ಮ ಅಂದಳು: "ಟಿವ್ಯಾಗಿನ ದೇವರು ಒಂದ್ ತಾಸು ಇರ್ತಾನ. ಇಂವ ಜಗಲಿ ಮ್ಯಾಲ ಕುಂಡ್ರತಾನ." ಆಗ ಅರ್ಥವಾಗಲಿಲ್ಲ. ಮೂವತ್ತೆರಡು ವರ್ಷದ ಮೇಲೆ ಟ್ರಂಕು ತೆರೆದಾಗ ಅರ್ಥವಾಯಿತು. ಪ್ಲಾಸ್ಟಿಕ್ ಗದೆ ಜಿಗಟು ಜಿಗಟಾಗಿ ಹೋಗಿತ್ತು. ಗರುಡನ ಹಸಿರೂ ಕೆಂಪೂ ಹಾಗೇ ಇದ್ದವು.

ನಮ್ಮ ಕೊಪ್ಪಳ ತಾಲೂಕಿನದೇ ಊರು ಕಿನ್ನಾಳ. ಅಲ್ಲಿಯ ಚಿತ್ರಗಾರರ ಕೈಗೆ ವಿಜಯನಗರದ ಕಾಲದ ನೆನಪಿದೆ. ಹಂಪಿಯ ವಿರೂಪಾಕ್ಷ ಗುಡಿಯ ಚಾವಣಿಯ ಚಿತ್ರಗಳನ್ನು ಬರೆದವರು ತಮ್ಮ ಹಿರಿಯರೇ ಎಂಬ ಮಾತು ಅವರಲ್ಲಿದೆ. ಹಗುರ ಮರವನ್ನು ಕೆತ್ತಿ, ಮರದ ಹೊಟ್ಟಿಗೆ ಹುಣಸೆ ಬೀಜದ ಅಂಟು ಕಲಸಿದ ಕಿಟ್ಟದಿಂದ ಸಂದು ತುಂಬಿ, ಮೇಲೆ ಬಣ್ಣ ಬಳಿದು ಮಾಡುವ ಗೊಂಬೆಗಳು ಅವು. ಈಗ ಭೌಗೋಳಿಕ ಸೂಚಿಕೆಯ ಮನ್ನಣೆಯೂ ಸಿಕ್ಕಿದೆ. ನಮ್ಮ ಗರುಡನನ್ನು ಚೀಲದಲ್ಲಿ ಹಾಕಿಕೊಂಡು ಕಿನ್ನಾಳಕ್ಕೆ ಹೋದೆ. ಹಿರಿಯ ಕಲಾವಿದರೊಬ್ಬರು ಅದನ್ನು ತಿರುವಿ ತಿರುವಿ ನೋಡಿದರು.

"ಕೊಕ್ಕು ಕೂಡಿಸಿ ಕೊಡ್ತೀರೇನ್ರಿ?" ಎಂದೆ.

"ಕೂಡಿಸಬೋದ್ರಿ. ಆದ್ರ ಯಾರು ಮುರದ್ರು?"

"ನಾನ ಮುರದೇನ್ರಿ, ಸಣ್ಣಾಂವಿದ್ದಾಗ. ಸಿಟ್ಟಿಲೆ ಒಗದಿದ್ದೆ."

"ಹಂಗಾರ ಬಿಡ್ರಿ, ಇರಲಿ. ಹೊಸಾದು ಬೇಕಂದ್ರ ಹೊಸಾದು ಒಯ್ರಿ. ಇದರ ಕಣ್ಣು ಬರದ ಕೈ ಯಾವ ಮನೀದಂತ ನನಗ ಗೊತ್ತೈತಿ. ಆ ಕೈ ಈಗ ಇಲ್ರಿ."

ಸಂಗ್ರಹ ಎಂಬ ವಿದ್ಯೆಯನ್ನು ನಾನು ಕಲಿತದ್ದು ಈ ನಾಲ್ಕು ಮಾತಿನಲ್ಲಿ. ಮುರಿದದ್ದೂ ಆ ವಸ್ತುವಿನ ಚರಿತ್ರೆಯೇ. ಅದನ್ನು ಸರಿಪಡಿಸುವ ಮೊದಲು ಯಾರು ಮುರಿದರು ಎಂದು ಬರೆದಿಡಬೇಕು.

ಪೇಟೆಯ ಸಂಗ್ರಾಹಕರ ಶಾಸ್ತ್ರ ಇದಕ್ಕೆ ಉಲ್ಟಾ. ಅವರಿಗೆ ಡಬ್ಬಿ ಒಡೆಯದ ಗೊಂಬೆ ಬೇಕು. ಆಡಿದ ಗೊಂಬೆಗಿಂತ ಆಡದ ಗೊಂಬೆಗೆ ಬೆಲೆ ಹೆಚ್ಚು. ನನ್ನ ಹೀ-ಮ್ಯಾನನ್ನೇ ನೋಡಿ. ಅಮೆರಿಕದ ಮಟೆಲ್ ಕಂಪನಿ 1982ರಲ್ಲಿ ಮೊದಲು ಗೊಂಬೆ ತಂದಿತು, ಮರುವರ್ಷ ಅದಕ್ಕೆ ಕಾರ್ಟೂನ್ ಬಂತು. ಟಿವಿಗಾಗಿ ಗೊಂಬೆ ಮಾಡಿದ್ದಲ್ಲ, ಗೊಂಬೆ ಮಾರಲಿಕ್ಕೆ ಟಿವಿ. ಆ ಕಾರ್ಟೂನು ನಮ್ಮ ದೂರದರ್ಶನಕ್ಕೂ ಬಂತು, ಲಿಯೋ ಎಂಬ ಕಂಪನಿ ಗೊಂಬೆಗಳನ್ನು ಇಲ್ಲಿಯೇ ತಯಾರಿಸಿತು. ಬಣ್ಣದಲ್ಲಿ, ಅಚ್ಚಿನಲ್ಲಿ ಅಮೆರಿಕದವಕ್ಕಿಂತ ತುಸು ಬೇರೆಯಾಗಿರುವುದರಿಂದ ಭಾರತದ ಲಿಯೋ ಗೊಂಬೆಗಳನ್ನು ಇವತ್ತು ಹೊರದೇಶದ ಸಂಗ್ರಾಹಕರು ಹುಡುಕಾಡುತ್ತಾರೆ. ಫನ್‌ಸ್ಕೂಲ್ ಕಂಪನಿಯ ಜಿ.ಐ. ಜೋ ಸಿಪಾಯಿಗಳದೂ ಇದೇ ಕಥೆ. ನನ್ನ ಹೀ-ಮ್ಯಾನ್ ಬೆಂಗಳೂರಿನ ಸೋದರಮಾವನ ಮಗ ಆಡಿ ಬಿಟ್ಟದ್ದು. ಒಳಗಿನ ರಬ್ಬರು ಹರಿದು ಕಾಲು ಕಳಚಿದವು. ನಾವು ಅವನ ಸೊಂಟಕ್ಕೆ ಜಾಲಿ ಕಟ್ಟಿಗೆಯ ಕಾಲು ಕಟ್ಟಿ ಎರಡು ವರ್ಷ ಯುದ್ಧ ಮಾಡಿಸಿದೆವು. ಅವನಿಗೆ ಪೇಟೆಯಲ್ಲಿ ಸೊನ್ನೆ ಬೆಲೆ, ನಮ್ಮ ಮನೆಯಲ್ಲಿ ಪಿಂಚಣಿದಾರನ ಮರ್ಯಾದೆ.

ಕೊಂಡ ಆಟಿಕೆಗಳು ನಮ್ಮ ಓಣಿಯಲ್ಲಿ ಎಷ್ಟಿದ್ದಾವು? ಹೆಚ್ಚಿನವು ನಾವೇ ಮಾಡಿಕೊಂಡವು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿ ಉಳಿದ ಎರಿ ಮಣ್ಣಿನಲ್ಲಿ ಟಿವಿ ಮಾಡುತ್ತಿದ್ದೆವು. ಬಾರಿಗೆಯ ಕಡ್ಡಿ ಚುಚ್ಚಿದರೆ ಅಂಟೆನಾ. ಬೂಟಿನ ಡಬ್ಬಿಯಲ್ಲಿ ಕಿಂಡಿ ಕೊರೆದು, ಎರಡು ಕೋಲಿಗೆ ಕಾಗದದ ಪಟ್ಟಿ ಸುತ್ತಿ, ಒಂದು ಕಡೆ ತಿರುವಿದರೆ ಲಂಕಾದಹನ, ಇನ್ನೊಂದು ಕಡೆ ತಿರುವಿದರೆ ಹನುಮಂತ ಹಿಂದಕ್ಕೆ ನಡೆದುಕೊಂಡು ಸಮುದ್ರ ದಾಟುತ್ತಿದ್ದ. ಟೂರಿಂಗ್ ಟಾಕೀಸಿನ ಹೊರಗೆ ಹೆಕ್ಕಿದ ಫಿಲ್ಮಿನ ತುಂಡುಗಳನ್ನು ನೀರು ತುಂಬಿದ ಬಲ್ಬಿನ ಹಿಂದೆ ಹಿಡಿದು, ಕನ್ನಡಿಯಿಂದ ಬಿಸಿಲು ಬಿಟ್ಟು, ಕತ್ತಲ ಕೋಣೆಯ ಗೋಡೆಗೆ ಚಿತ್ರ ಬೀಳಿಸುತ್ತಿದ್ದೆವು. ಅವ್ವ ಬಾಚಿದ ಕೂದಲನ್ನು ಸುತ್ತಿ ಮಾಡದಲ್ಲಿ ಸಿಕ್ಕಿಸಿಟ್ಟರೆ, ಕೂದಲಿನವರು ಬಂದಾಗ ಅದಕ್ಕೆ ಬಲೂನು, ಪಿನ್ನು ಸಿಗುತ್ತಿದ್ದವು. ಕೊಪ್ಪಳದ ಪಕ್ಕದ ಭಾಗ್ಯನಗರ ಇವತ್ತಿಗೂ ಕೂದಲಿನ ವ್ಯಾಪಾರಕ್ಕೆ ಹೆಸರಾದ ಊರು. ನಾವೇ ಮಾಡಿಕೊಂಡ ಈ ಆಟಿಕೆಗಳಲ್ಲಿ ಒಂದೂ ಉಳಿದಿಲ್ಲ. ಮಳೆಗೆ ಕರಗಿದವು, ಒಲೆಗೆ ಹೋದವು. ಉಳಿದದ್ದು ಮಾಡುವ ವಿಧಾನ. ಹಾಗಾದರೆ ವಿಧಾನವನ್ನಾದರೂ ಬರೆದಿಡಬೇಕಲ್ಲವೆ? ಅದೂ ಸಂಗ್ರಹವೇ.

ಟಿವಿಗೂ ಮೊದಲು ನಮ್ಮಲ್ಲಿ ತೆರೆ ಇತ್ತು ಎಂಬುದನ್ನು ಮರೆಯಬಾರದು. ಬಿಳಿ ಪರದೆ, ಹಿಂದೆ ದೀಪ, ನಡುವೆ ಹದ ಮಾಡಿದ ತೊಗಲಿನ ರಾಮ, ರಾವಣ, ಭೀಮ. ಕೊಪ್ಪಳ ತಾಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೆಕ್ಯಾತರ ಅವರಿಗೆ ತೊಗಲುಗೊಂಬೆ ಆಟಕ್ಕಾಗಿ 2025ರಲ್ಲಿ ಪದ್ಮಶ್ರೀ ಬಂತು. ಅವರಿಗಾಗ ತೊಂಬತ್ತು ದಾಟಿತ್ತು. ರಮಾನಂದ ಸಾಗರರ ರಾಮ ಭಾನುವಾರ ಮಾತ್ರ ಬರುತ್ತಿದ್ದ; ಇವರ ರಾಮ ಊರಿಗೆ ಬಂದರೆ ಬೆಳತನಕ ಇರುತ್ತಿದ್ದ. ಆ ಗೊಂಬೆಗಳನ್ನು ಯಾರೂ ಡಬ್ಬಿಯಲ್ಲಿ ಮುಚ್ಚಿಟ್ಟು ಬೆಲೆ ಏರಲಿ ಎಂದು ಕಾಯಲಿಲ್ಲ. ಆಡಿಸುತ್ತ ಆಡಿಸುತ್ತಲೇ ಕಾಪಾಡಿದರು. ನಮ್ಮ ಸೀಮೆಯ ಸಂಗ್ರಹದ ರೀತಿಯೇ ಅದು.

ಇನ್ನು ಪುಕ್ಕಟೆ ಬಂದ ಸಾಮಾನುಗಳು. ಸಂಗ್ರಹದಲ್ಲಿ ಎಲ್ಲಕ್ಕಿಂತ ಬೇಗ ಕಳೆದುಹೋಗುವುದು ಇವೇ, ಯಾಕೆಂದರೆ ದುಡ್ಡು ಕೊಡದ್ದಕ್ಕೆ ನಾವು ಬೆಲೆ ಕಟ್ಟುವುದಿಲ್ಲ. ಶಕ್ತಿಮಾನ್ ಧಾರಾವಾಹಿ 1997ರ ಸೆಪ್ಟೆಂಬರಿನಲ್ಲಿ ಶುರುವಾಯಿತು. ಮಹಾಭಾರತದ ಭೀಷ್ಮ ಮುಕೇಶ್ ಖನ್ನಾ ಅವರೇ ಶಕ್ತಿಮಾನ್. ನಮ್ಮ ಅಮ್ಮನಿಗೆ ಕಣ್ಣು ಮಂಜಾಗಿತ್ತು, ಕಿವಿ ಚುರುಕಿತ್ತು. ದನಿ ಕೇಳಿದ್ದೇ, "ಅಯ್ಯ, ಭೀಷ್ಮಜ್ಜ ಯಾಕ ಗಿರಗಿರ ತಿರಗಾಕ ಹತ್ಯಾನಲ್ಲೋ?" ಎಂದಳು. ಪಾರ್ಲೆ-ಜಿ ಬಿಸ್ಕತ್ತಿನ ಜೊತೆ ಶಕ್ತಿಮಾನ್ ಸ್ಟಿಕ್ಕರು ಬರುತ್ತಿದ್ದ ದಿನಗಳಲ್ಲಿ ನಮ್ಮ ಅಕ್ಕನ ಮಗ ಬಿಸ್ಕತ್ತನ್ನು ಎಮ್ಮೆಗೆ ತಿನ್ನಿಸಿ ಸ್ಟಿಕ್ಕರು ಉಳಿಸಿದ. ಈ ನೋಟುಬುಕ್ಕಿನ ಹಿಂದೆ ಅಂಥ ಒಂದು ಎಮ್ಮೆಯ ಪುಣ್ಯವಿದೆ.

ಐದನೆಯದು ಪೋಸ್ಟ್‌ಕಾರ್ಡು. ಸಿದ್ಧಾರ್ಥ ಕಾಕ್ ಮತ್ತು ರೇಣುಕಾ ಶಹಾಣೆ ನಡೆಸುತ್ತಿದ್ದ ಸುರಭಿ ಕಾರ್ಯಕ್ರಮದಲ್ಲಿ ವಾರ ವಾರ ಪ್ರಶ್ನೆ ಕೇಳುತ್ತಿದ್ದರು. ಒಂದೇ ವಾರದಲ್ಲಿ ಹದಿನಾಲ್ಕು ಲಕ್ಷಕ್ಕೂ ಹೆಚ್ಚು ಪತ್ರಗಳು ಬಂದ ದಾಖಲೆ ಅದರದು. ಹದಿನೈದು ಪೈಸೆಯ ಕಾರ್ಡುಗಳ ಹೊರೆ ಹೊತ್ತು ಸುಸ್ತಾದ ಅಂಚೆ ಇಲಾಖೆ ಕೊನೆಗೆ ಇಂಥ ಸ್ಪರ್ಧೆಗಳಿಗೆಂದೇ ಎರಡು ರೂಪಾಯಿಯ ಬೇರೆ ಕಾರ್ಡು ತಂದಿತು. ನಮ್ಮ ಅಕ್ಕ ಉತ್ತರ ಬರೆದಳು, ಆದರೆ ಸರಿಯೋ ತಪ್ಪೋ ಎಂಬ ಅನುಮಾನದಲ್ಲಿ ಹಾಕಲೇ ಇಲ್ಲ. ಕಳಿಸಿದ್ದರೆ ಅದು ದಿಲ್ಲಿಯೋ ಮುಂಬಯಿಯೋ ಯಾವುದೋ ಮೂಟೆಯಲ್ಲಿ ಸೇರುತ್ತಿತ್ತು. ಕಳಿಸದೇ ಇದ್ದುದಕ್ಕೆ ಉಳಿಯಿತು. ಕನ್ನಡಕ್ಕೇ ವಿಶೇಷವಾದ ಟಿವಿಯ ನೆನಪಿನ ಕಾಣಿಕೆ ಒಂದಿದೆ, ಅದು ಪುಸ್ತಕ. 2002ರ ಜನವರಿಯಿಂದ ಚಂದನದಲ್ಲಿ ಡಾ. ನಾ. ಸೋಮೇಶ್ವರ ಅವರು ನಡೆಸಿಕೊಂಡು ಬಂದ 'ಥಟ್ ಅಂತ ಹೇಳಿ' ಕ್ವಿಜ್ಜಿನಲ್ಲಿ ಸರಿಯುತ್ತರಕ್ಕೆ ಪುಸ್ತಕವೇ ಬಹುಮಾನ. ಅಂಥ ಪುಸ್ತಕ ನಿಮ್ಮ ಮನೆಯಲ್ಲಿದ್ದರೆ, ಯಾವ ಪ್ರಶ್ನೆಗೆ ಸಿಕ್ಕಿತೆಂದು ಒಳಪುಟದಲ್ಲಿ ಬರೆಯಿರಿ. ಇಲ್ಲದಿದ್ದರೆ ನಾಳೆ ಅದು ಬರೀ ಪುಸ್ತಕ.

ಕೊನೆಯದು ಲೈಸೆನ್ಸು. 1980ರ ದಶಕದ ನಡುವಿನ ತನಕ ರೇಡಿಯೋಕ್ಕೂ ಟಿವಿಗೂ ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ದುಡ್ಡು ಕಟ್ಟಬೇಕಿತ್ತು ಎಂದರೆ ಈಗಿನ ಮಕ್ಕಳು ನಂಬುವುದಿಲ್ಲ. ಅಜ್ಜನ ಪುಸ್ತಕದಲ್ಲಿ ಅಂಟಿಸಿದ ಚೀಟಿ, ಅದರ ಮೇಲೆ ಬಿದ್ದ ಠಸ್ಸೆ ಎರಡೂ ಇವೆ. ಈ ಮೈಕಿನ ಮುಂದೆ ಕೂರಲಿಕ್ಕೆ ಬರುವಾಗ ಅದನ್ನು ಜೇಬಿನಲ್ಲಿಟ್ಟುಕೊಂಡೇ ಬಂದೆ. ಆಕಾಶವಾಣಿ ಎಂಬ ಹೆಸರೇ 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರ ಖಾಸಗಿ ಬಾನುಲಿಗೆ ಇಟ್ಟದ್ದು. ಆ ಆಕಾಶವಾಣಿಯ ಮನೆಗೆ ಅಜ್ಜನ ಬಾಕಿ ಏನೂ ಇಲ್ಲ ಎಂದು ತೋರಿಸಬೇಕಲ್ಲ.

ದೊಡ್ಡ ವಸ್ತುಸಂಗ್ರಹಾಲಯಗಳು ಈ ಸಣ್ಣ ಸಾಮಾನುಗಳ ಬೆಲೆ ಎಂದೋ ತಿಳಿದಿವೆ. ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆ 1978ರಲ್ಲೇ 'ಆಲ್ ಇನ್ ದಿ ಫ್ಯಾಮಿಲಿ' ಎಂಬ ಟಿವಿ ಧಾರಾವಾಹಿಯ ಮನೆಯ ಯಜಮಾನ ಕೂಡುತ್ತಿದ್ದ ಹಳೆಯ ಕುರ್ಚಿಯನ್ನು ತಂದಿಟ್ಟಿತು. ನಮ್ಮಲ್ಲೂ ಒಂದು ಒಳ್ಳೆಯ ಕೆಲಸ ಆಗಿದೆ. ಶಂಕರ್ ನಾಗ್ ಅವರು ಆಗುಂಬೆಯಲ್ಲಿ ಚಿತ್ರಿಸಿದ 'ಮಾಲ್ಗುಡಿ ಡೇಸ್'ನ ರೈಲು ನಿಲ್ದಾಣ ಶಿವಮೊಗ್ಗ ಜಿಲ್ಲೆಯ ಅರಸಾಳಿನದು. ರೈಲ್ವೆಯವರು 2020ರಲ್ಲಿ ಅಲ್ಲಿಯ ಹಳೆಯ ಕಟ್ಟಡವನ್ನು ಮಾಲ್ಗುಡಿ ಮ್ಯೂಸಿಯಂ ಮಾಡಿದರು. ಧಾರಾವಾಹಿಯ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಅದಕ್ಕೂ ಕೈ ಹಚ್ಚಿದರು. ಮಾಲ್ಗುಡಿ ಎಂಬ ಇಲ್ಲದ ಊರಿಗೆ ಇರುವ ನಿಲ್ದಾಣವೊಂದು ಸ್ಮಾರಕವಾಯಿತು. ಇರುವ ಊರುಗಳಾದ ನಮ್ಮವು ಸೈಟ್ ಟಿವಿಯ ನೆನಪಿಗೆ ಶಾಲೆಯ ಒಂದು ಗೂಡನ್ನಾದರೂ ಬಿಡಬಹುದು.

ಇಷ್ಟು ಕೇಳಿದ ಮೇಲೆ ಅಟ್ಟ ಹತ್ತುವವರಿಗೆ ನಾಲ್ಕು ಎಚ್ಚರದ ಮಾತು. ಪ್ಲಾಸ್ಟಿಕ್ ಜಿಗಟಾಗುವುದು ಅದನ್ನು ಮೆತ್ತಗಿಡಲಿಕ್ಕೆ ಬೆರೆಸಿದ ಎಣ್ಣೆಯಂಥ ದ್ರವ ಹೊರಗೆ ಒಸರುವುದರಿಂದ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ತಗಡಿನ ಕೆಳಗಿಟ್ಟರೆ ಅದು ಇನ್ನೂ ಬೇಗ. ಮನೆಯ ಒಳಗೆ, ನೆಲದ ಮಟ್ಟಕ್ಕೆ ಹತ್ತಿರ, ಗೆದ್ದಲು ಮುಟ್ಟದ ಕಡೆ ಇಡಿ. ಎರಡು ಪ್ಲಾಸ್ಟಿಕ್ ಗೊಂಬೆಗಳು ಒಂದಕ್ಕೊಂದು ತಾಗದಂತೆ ಹತ್ತಿ ಬಟ್ಟೆಯಲ್ಲಿ ಬೇರೆ ಬೇರೆ ಸುತ್ತಿ. ನುಸಿಗುಳಿಗೆ ಹಾಕಬೇಡಿ, ಕೆಲವು ಪ್ಲಾಸ್ಟಿಕ್ಕನ್ನು ಅದೇ ತಿನ್ನುತ್ತದೆ. ಒಣಗಿದ ಬೇವಿನೆಲೆ ಸಾಕು. ಬ್ಯಾಟರಿ ಇದ್ದರೆ ಮೊದಲು ತೆಗೆಯಿರಿ. ಸ್ಟಿಕ್ಕರು, ಕಾರ್ಡುಗಳಿಗೆ ರಬ್ಬರ್ ಬ್ಯಾಂಡ್ ಹಾಕಬೇಡಿ, ಅದು ಕರಗಿ ಕಾಗದವನ್ನೇ ಹಿಡಿಯುತ್ತದೆ. ಕಿನ್ನಾಳದ ಗೊಂಬೆಗೆ ನೀರು ತಾಗಿಸಬೇಡಿ, ಒಣ ಬಟ್ಟೆಯಲ್ಲಿ ಧೂಳು ಒರೆಸಿ, ಅಷ್ಟೇ. ಇನ್ನೊಂದು, ಹಳೆಯದರ ಹೆಸರಿನಲ್ಲಿ ಹೊಸ ಅಚ್ಚಿನ ನಕಲುಗಳೂ ಮಾರಾಟಕ್ಕೆ ಬರುತ್ತವೆ. ದುಡ್ಡು ಮಾಡುವ ಆಸೆಯಿಂದ ಈ ಹವ್ಯಾಸಕ್ಕೆ ಇಳಿದವರು ಮೊದಲು ಕಳೆದುಕೊಳ್ಳುವುದು ದುಡ್ಡನ್ನೇ.

ಎಲ್ಲಕ್ಕಿಂತ ಮುಖ್ಯವಾದದ್ದು ಚೀಟಿ. ಒಂದು ಅಂಗೈಯಗಲದ ಕಾಗದ, ಒಂದು ಪೆನ್ಸಿಲ್. ಶಾಯಿ ಹರಡುತ್ತದೆ, ಪೆನ್ಸಿಲ್ ಹರಡುವುದಿಲ್ಲ. ಏನು, ಯಾರದು, ಎಲ್ಲಿ ಸಿಕ್ಕಿತು, ಯಾವ ವರ್ಷ, ಹೇಗೆ ಮುರಿಯಿತು. ಐದೇ ಸಾಲು. ಚೀಟಿ ಇಲ್ಲದ ಗದೆ ಗುಜರಿ. ಚೀಟಿ ಇದ್ದ ಗದೆ ಒಂದು ಮನೆಯ ಭಾನುವಾರ.

ಬಂಧುಗಳೆ, ದಸರೆಗೋ ದೀಪಾವಳಿಗೋ ಮನೆ ಸಾರಿಸುವಾಗ ಅಟ್ಟದಿಂದ ಇಳಿದದ್ದನ್ನು ನೇರ ಗುಜರಿ ಗಾಡಿಗೆ ಹಾಕಬೇಡಿ. ಒಂದು ದಿನ ಪಡಸಾಲೆಯಲ್ಲಿ ಹರವಿ, ಮನೆಯ ಹಿರಿಯರನ್ನು ನಡುವೆ ಕೂಡಿಸಿ ಕೇಳಿ. 1975ರ ಆ ಜಾಳಗಿ ಕೊಡೆಯನ್ನು ಕಣ್ಣಾರೆ ಕಂಡವರು ಇನ್ನೂ ಇದ್ದಾರೆ, ಆದರೆ ಆಗ ಶಾಲೆಯ ಮಕ್ಕಳಾಗಿದ್ದವರಿಗೇ ಈಗ ಅರವತ್ತರ ಆಸುಪಾಸು. ಅವರು ಹೇಳಿದ್ದನ್ನು ಬರೆದುಕೊಳ್ಳಿ. ನಾನು ನನ್ನ ಗದೆಗೆ ಚೀಟಿ ಬರೆದು ಕಟ್ಟಿದ್ದೇನೆ. ಕೆಳಗೆ ನನ್ನ ತಮ್ಮನೂ ರುಜು ಹಾಕಿದ್ದಾನೆ.